ಕರ್ತವ್ಯ ರಾಣಿಗೆ, ವಿನಾಯಿತಿ ರಾಜನಿಗೆ

ಜರ್ಮನಿಯ ಉತ್ತರದಲ್ಲಿ ಸೆಲ್ಲೆ ಎಂಬ ಊರಿದೆ. ಅಲ್ಲಿನ ಸೇಂಟ್ ಮೇರಿ ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಡ್ಯೂಕ್ ಮನೆತನದವರ ಶವಪೆಟ್ಟಿಗೆಗಳಿವೆ. ಅವುಗಳ ನಡುವೆ ಇಬ್ಬರು ಹೆಂಗಸರೂ ಮಲಗಿದ್ದಾರೆ: 1726ರಲ್ಲಿ ತೀರಿಕೊಂಡ ಸೋಫಿಯಾ ಡೊರೊಥಿಯಾ ಮತ್ತು 1775ರಲ್ಲಿ ತೀರಿಕೊಂಡ ಕ್ಯಾರೊಲಿನ್ ಮಟಿಲ್ಡಾ. ಮೊದಲನೆಯವಳು ಎರಡನೆಯವಳ ಮುತ್ತಜ್ಜಿ. ಒಬ್ಬಳ ಗಂಡ ಮುಂದೆ ಇಂಗ್ಲೆಂಡಿನ ದೊರೆಯಾದ, ಇನ್ನೊಬ್ಬಳ ಗಂಡ ಡೆನ್ಮಾರ್ಕಿನ ದೊರೆಯಾಗಿದ್ದ. ಇಬ್ಬರೂ ಗಂಡನಲ್ಲದವನನ್ನು ಪ್ರೀತಿಸಿದರು, ಇಬ್ಬರಿಗೂ ವಿಚ್ಛೇದನವಾಯಿತು, ಇಬ್ಬರೂ ಮಕ್ಕಳ ಮುಖವನ್ನು ಮತ್ತೆ ನೋಡದೆ ಸತ್ತರು. ಒಬ್ಬಳ ಪ್ರಿಯಕರ ಅರಮನೆಯೊಳಗೆ ಹೋದವನು ಹೊರಗೆ ಬರಲೇ ಇಲ್ಲ. ಇನ್ನೊಬ್ಬಳ ಪ್ರಿಯಕರನ ತಲೆಯನ್ನು ಸಾವಿರಾರು ಜನರ ಎದುರಿಗೆ ಕಡಿದರು. ಒಂದೇ ವಂಶದ ಮೂರು ತಲೆಮಾರುಗಳ ಅಂತರದಲ್ಲಿ ಒಂದೇ ಶಿಕ್ಷೆ ಎರಡು ಬಾರಿ ನಡೆದಿದೆ. ಇದನ್ನು ಇಬ್ಬರ ದುರದೃಷ್ಟವೆಂದು ಹೇಳಿ ಮುಗಿಸಲು ಬರುವುದಿಲ್ಲ. ಇದರ ಹಿಂದೆ ಒಂದು ವ್ಯವಸ್ಥೆ ಇತ್ತು.

ಯುರೋಪಿನ ಅರಮನೆಗಳ ಇಂಥ ಕಥೆಗಳು ಸಿನಿಮಾ, ಕಾದಂಬರಿ, ಓಟಿಟಿ ಸರಣಿಗಳ ಮೂಲಕ ನಮ್ಮ ಮನೆಗಳಿಗೂ ಬಂದಿವೆ. ಅವುಗಳಲ್ಲಿ ಬಹುಪಾಲು ಕಥೆಯನ್ನು ಪ್ರೇಮ ಮತ್ತು ಕರ್ತವ್ಯದ ನಡುವಿನ ಹೋರಾಟವಾಗಿ ಹೇಳುತ್ತವೆ. ಹೃದಯ ಒಂದು ಕಡೆ ಎಳೆಯುತ್ತದೆ, ಹೊಣೆ ಇನ್ನೊಂದು ಕಡೆ ಎಳೆಯುತ್ತದೆ, ನಡುವೆ ಸಿಕ್ಕಿದ ಹೆಣ್ಣು ಕಣ್ಣೀರಿಡುತ್ತಾಳೆ. ಈ ನಿರೂಪಣೆ ಮನಸ್ಸನ್ನು ತಟ್ಟುತ್ತದೆ, ಆದರೆ ನಡೆದದ್ದನ್ನು ಮರೆಮಾಚುತ್ತದೆ. ದಾಖಲೆಗಳನ್ನು ಓದಿದರೆ ಕಾಣುವುದು ಬೇರೆ. ಆ ಅರಮನೆಗಳು ಪ್ರೇಮವನ್ನು ನಿಷೇಧಿಸಿರಲಿಲ್ಲ; ಗಂಡಸರ ಪ್ರೇಮಕ್ಕೆ ಅಲ್ಲಿ ಕೋಣೆಯಿತ್ತು, ಮಾಸಾಶನವಿತ್ತು, ಬಿರುದೂ ಇತ್ತು. ನಿಷೇಧವಿದ್ದದ್ದು ಸಿಂಹಾಸನಕ್ಕೆ ಮಕ್ಕಳನ್ನು ಹೆರಬೇಕಾದ ಹೆಣ್ಣು ತನ್ನ ಇಚ್ಛೆಯಂತೆ ನಡೆಯುವುದಕ್ಕೆ. ಕರ್ತವ್ಯವೆಂದು ಕರೆಯಲಾಗುತ್ತಿದ್ದದ್ದು ಇಬ್ಬರು ಮಾಡಿಕೊಂಡು ಒಬ್ಬಳೇ ಪಾಲಿಸಬೇಕಿದ್ದ ಒಪ್ಪಂದ. ಇದನ್ನು ನೇರವಾಗಿ ಅನ್ಯಾಯವೆಂದು ಕರೆಯದೆ ತ್ಯಾಗವೆಂದು ಹೊಗಳುವ ಅಭ್ಯಾಸವನ್ನು ನಾವು ಬಿಡಬೇಕು.

ಸೋಫಿಯಾ ಡೊರೊಥಿಯಾ ಸೆಲ್ಲೆಯ ಡ್ಯೂಕ್ ಜಾರ್ಜ್ ವಿಲಿಯಮ್‌ನ ಮಗಳು. 1682ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಹ್ಯಾನೋವರಿನ ತನ್ನ ಚಿಕ್ಕಪ್ಪನ ಮಗ ಜಾರ್ಜ್ ಲೂಯಿಯೊಂದಿಗೆ ಅವಳ ಮದುವೆಯಾಯಿತು. ಅಣ್ಣತಮ್ಮಂದಿರ ನಡುವೆ ಹಂಚಿಹೋಗಿದ್ದ ನಾಡನ್ನು ಒಂದುಗೂಡಿಸುವುದು ಈ ಮದುವೆಯ ಉದ್ದೇಶ. ಅವಳಿಗೆ ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಗಂಡನಿಗೆ ಮೆಲುಸಿನೆ ಫಾನ್ ಡೆರ್ ಶುಲೆನ್‌ಬರ್ಗ್ ಎಂಬ ಸಂಗಾತಿ ಇದ್ದಳು. ಅವಳಿಂದ ಮೂವರು ಹೆಣ್ಣುಮಕ್ಕಳಾದರು. ಅದು ಗುಟ್ಟಿನ ಸಂಬಂಧವೇನೂ ಆಗಿರಲಿಲ್ಲ. ಸೋಫಿಯಾ ಸ್ವೀಡನ್ ಮೂಲದ ಕೌಂಟ್ ಕೋನಿಗ್ಸ್‌ಮಾರ್ಕ್‌ನಿಗೆ ಪತ್ರ ಬರೆಯತೊಡಗಿದಾಗ ಮಾತ್ರ ಅರಮನೆ ಎಚ್ಚೆತ್ತಿತು. 1694ರ ಜುಲೈ ಮೊದಲ ದಿನದ ರಾತ್ರಿ ಹ್ಯಾನೋವರಿನ ಲೈನೆ ಅರಮನೆಗೆ ಹೋದ ಕೋನಿಗ್ಸ್‌ಮಾರ್ಕ್ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನ ಕೊಲೆಯಾಯಿತೆಂದೇ ಇತಿಹಾಸಕಾರರಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ಆ ವರ್ಷದ ಡಿಸೆಂಬರಿನಲ್ಲಿ ವಿಚ್ಛೇದನದ ತೀರ್ಪು ಬಂತು. ಅದರಲ್ಲಿ ವ್ಯಭಿಚಾರದ ಆರೋಪವಿರಲಿಲ್ಲ. ಗಂಡನೊಂದಿಗೆ ಬಾಳಲು ಒಪ್ಪದೆ ಅವನನ್ನು ತೊರೆದಳು ಎಂಬುದೇ ಅವಳ ಮೇಲಿನ ಆರೋಪ. ಗಂಡ ಮರುಮದುವೆಯಾಗಬಹುದು, ಅವಳು ಆಗಕೂಡದು.

ಆರೋಪದ ಈ ಆಯ್ಕೆಯನ್ನು ಗಮನಿಸಬೇಕು. ವ್ಯಭಿಚಾರವೆಂದು ಬರೆದಿದ್ದರೆ 1683ರಲ್ಲಿ ಹುಟ್ಟಿದ ಮಗನ ಹುಟ್ಟಿನ ಬಗ್ಗೆಯೂ ನಾಲಗೆಗಳು ಆಡುತ್ತಿದ್ದವು. ಆ ಮಗನ ಮೂಲಕವೇ ಹ್ಯಾನೋವರಿನ ಭವಿಷ್ಯ ನಿಂತಿತ್ತು. ಹಾಗಾಗಿ ಪ್ರೇಮವನ್ನು ತೀರ್ಪಿನಿಂದ ಅಳಿಸಿಹಾಕಿ, ಹೆಂಗಸನ್ನು ಮಾತ್ರ ಆಲ್ಡೆನ್ ಎಂಬ ಹಳ್ಳಿಯ ಮನೆಯಲ್ಲಿ ಕೂಡಿಹಾಕಿದರು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ, ಸಾಯುವವರೆಗೆ, ಅವಳು ಅಲ್ಲೇ ಇದ್ದಳು. 1705ರಲ್ಲಿ ಅವಳ ತಂದೆ ತೀರಿಕೊಂಡಾಗ ಸೆಲ್ಲೆಯ ನಾಡು ಅಳಿಯನ ಕೈ ಸೇರಿತು. ಮದುವೆ ಮುರಿದು ಹತ್ತು ವರ್ಷ ದಾಟಿದ್ದರೂ ಮದುವೆಯಿಂದ ಬಯಸಿದ ಆಸ್ತಿಗೆ ಕುತ್ತು ಬರಲಿಲ್ಲ. 1714ರಲ್ಲಿ ಜಾರ್ಜ್ ಲೂಯಿ ಮೊದಲನೇ ಜಾರ್ಜ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ. ಜೊತೆಗೆ ಹೋದ ಮೆಲುಸಿನೆ 1719ರಲ್ಲಿ ಕೆಂಡಲ್‌ನ ಡಚೆಸ್ ಆದಳು. ಆಲ್ಡೆನ್‌ನಲ್ಲಿದ್ದವಳು ಸತ್ತಾಗ ಹ್ಯಾನೋವರಿನ ಆಸ್ಥಾನದಲ್ಲಿ ಶೋಕಾಚರಣೆಗೂ ದೊರೆ ಅವಕಾಶ ಕೊಡಲಿಲ್ಲ. ಒಂದೇ ಮದುವೆಯ ಎರಡು ಬದಿಗಳಲ್ಲಿ ಒಂದೇ ಬಗೆಯ ನಡತೆ. ಒಂದು ಕಡೆ ಡಚೆಸ್ ಪದವಿ, ಇನ್ನೊಂದು ಕಡೆ ಆಜೀವ ಸೆರೆ.

ಎಂಬತ್ತು ವರ್ಷಗಳಾಗುವಷ್ಟರಲ್ಲಿ ಡೆನ್ಮಾರ್ಕಿನಲ್ಲಿ ಇದೇ ಲೆಕ್ಕಾಚಾರ ಇನ್ನೂ ಕ್ರೂರವಾಗಿ ಮರುಕಳಿಸಿತು. ಕ್ಯಾರೊಲಿನ್ ಮಟಿಲ್ಡಾ ಇಂಗ್ಲೆಂಡಿನ ಮೂರನೇ ಜಾರ್ಜನ ಕೊನೆಯ ತಂಗಿ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಲಂಡನ್ನಿನ ಸಿಂಹಾಸನದಲ್ಲಿದ್ದವನು ಇದೇ ಜಾರ್ಜ್ ಎಂದರೆ ನಮ್ಮ ಓದುಗರಿಗೆ ಕಾಲದ ಅಂದಾಜು ಸಿಗುತ್ತದೆ. 1766ರಲ್ಲಿ, ಹದಿನೈದು ವರ್ಷದ ಹುಡುಗಿಯನ್ನು ಡೆನ್ಮಾರ್ಕಿನ ಏಳನೇ ಕ್ರಿಶ್ಚಿಯನ್ ದೊರೆಗೆ ಕೊಟ್ಟರು. ಅವನಿಗೆ ಹದಿನೇಳು, ಮಾನಸಿಕ ಕಾಯಿಲೆಯ ಲಕ್ಷಣಗಳು ಆಗಲೇ ಕಾಣುತ್ತಿದ್ದವು. ಹೆಂಡತಿಯ ಬಗ್ಗೆ ಅವನಿಗೆ ಅಕ್ಕರೆ ಇರಲಿಲ್ಲ. ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಒಬ್ಬ ವೇಶ್ಯೆಯ ಜೊತೆ ಬಹಿರಂಗವಾಗಿ ಅಲೆದಾಡುತ್ತಿದ್ದ. 1768ರ ಜನವರಿಯಲ್ಲಿ ಯುವರಾಜ ಫ್ರೆಡರಿಕ್ ಹುಟ್ಟಿದ. ಅದೇ ವರ್ಷ ದೊರೆ ಯುರೋಪ್ ಪ್ರವಾಸ ಹೊರಟು ರಾಣಿಯ ತವರಾದ ಇಂಗ್ಲೆಂಡಿಗೂ ಹೋದ; ಅವಳನ್ನು ಮಾತ್ರ ಕರೆದೊಯ್ಯಲಿಲ್ಲ. ಆ ಪ್ರವಾಸದಲ್ಲಿ ದೊರೆಯ ವೈದ್ಯನಾಗಿ ಸೇರಿದವನು ಆಲ್ಟೋನಾ ಊರಿನ ಯೋಹಾನ್ ಫ್ರೀಡ್ರಿಶ್ ಸ್ಟ್ರುಎನ್ಸೆ. ಹಿಂದಿರುಗಿದ ಮೇಲೆ ಅವನು ರಾಣಿಯ ಮೈಸರಿಯಿಲ್ಲದ ದಿನಗಳಲ್ಲಿ ಚಿಕಿತ್ಸೆ ಕೊಟ್ಟ, 1770ರಲ್ಲಿ ಯುವರಾಜನಿಗೆ ಸಿಡುಬಿನ ಮುನ್ನೆಚ್ಚರಿಕೆಯ ಚುಚ್ಚು ಹಾಕಿದ, ರಾಣಿಯ ನಂಬಿಕೆ ಗಳಿಸಿದ. ಆ ನಂಬಿಕೆ ಪ್ರೀತಿಯಾಯಿತು. 1771ರ ಜುಲೈನಲ್ಲಿ ಹುಟ್ಟಿದ ಲೂಯಿಸಾ ಔಗುಸ್ಟಾ ಸ್ಟ್ರುಎನ್ಸೆಯ ಮಗಳೆಂದೇ ಜನ ನಂಬಿದರು.

1772ರ ಜನವರಿ 16ರ ರಾತ್ರಿ ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಯಲ್ಲಿ ಮುಖವಾಡದ ನೃತ್ಯಕೂಟವಿತ್ತು. ಅದು ಮುಗಿದು ಬೆಳಗಾಗುವುದರೊಳಗೆ ದೊರೆಯ ಮಲತಾಯಿ ಯೂಲಿಯಾನಾ ಮರೀಯಾ, ಅವಳ ಮಗ ಮತ್ತು ಅವರ ಸಲಹೆಗಾರ ಗುಲ್ಡ್‌ಬರ್ಗ್ ಸೇರಿ ದೊರೆಯನ್ನು ಎಬ್ಬಿಸಿ ಬಂಧನದ ಆಜ್ಞೆಗಳಿಗೆ ಸಹಿ ಹಾಕಿಸಿಕೊಂಡರು. ಹಾಲು ಕುಡಿಯುವ ಮಗುವಿನೊಂದಿಗೆ ರಾಣಿಯನ್ನು ಹೆಲ್ಸಿಂಗೋರ್‌ನ ಕ್ರೋನ್‌ಬೋರ್ಗ್ ಕೋಟೆಗೆ ಒಯ್ದರು. ಸ್ಟ್ರುಎನ್ಸೆ ಆಗಲೇ ಒಪ್ಪಿಕೊಂಡಿದ್ದಾನೆಂದು ಹೇಳಿ ಮಾರ್ಚ್ 9ರಂದು ಅವಳಿಂದಲೂ ತಪ್ಪೊಪ್ಪಿಗೆ ಬರೆಸಿಕೊಂಡರು. ಏಪ್ರಿಲ್ 6ರಂದು ವಿಚ್ಛೇದನವಾಯಿತು. ಏಪ್ರಿಲ್ 28ರಂದು ಸ್ಟ್ರುಎನ್ಸೆ ಮತ್ತು ಅವನ ಗೆಳೆಯ ಬ್ರಾಂಟ್ ಇಬ್ಬರ ಬಲಗೈ ಕಡಿದು, ತಲೆ ಕಡಿದು, ದೇಹಗಳನ್ನು ತುಂಡು ಮಾಡಿದರು. ಮೇ ಕೊನೆಗೆ ಇಂಗ್ಲೆಂಡಿನ ಹಡಗುಗಳು ಬಂದು ಕ್ಯಾರೊಲಿನ್‌ಳನ್ನು ಕರೆದೊಯ್ದವು. ಮಗುವನ್ನು ಕೋಟೆಯಲ್ಲೇ ಬಿಟ್ಟು ಹೋಗಬೇಕಾಯಿತು. ಅಣ್ಣ ಅವಳನ್ನು ಇಂಗ್ಲೆಂಡಿಗೂ ಕರೆಸಿಕೊಳ್ಳಲಿಲ್ಲ, ತನ್ನ ಆಳ್ವಿಕೆಗೆ ಸೇರಿದ್ದ ಸೆಲ್ಲೆಯ ಕೋಟೆಯಲ್ಲಿ ಇರಿಸಿದ. ಮೂರು ವರ್ಷ ತುಂಬುವ ಮೊದಲೇ, 1775ರ ಮೇ 10ರಂದು, ಅವಳು ಜ್ವರದಿಂದ ಸತ್ತಳು. ಆಗ ಅವಳಿಗೆ ಇಪ್ಪತ್ಮೂರು ವರ್ಷ.

ಇದೇ ಕಾಲದಲ್ಲಿ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಗನಿಗೆ ಏನಾಯಿತು? ಕ್ಯಾರೊಲಿನ್‌ಳ ಅಣ್ಣ, ಕಂಬರ್‌ಲೆಂಡಿನ ಡ್ಯೂಕ್ ಹೆನ್ರಿ, ಲಾರ್ಡ್ ಗ್ರೋವ್‌ನರ್‌ನ ಹೆಂಡತಿಯೊಂದಿಗೆ ಸಂಬಂಧ ಇಟ್ಟುಕೊಂಡು ಸಿಕ್ಕಿಬಿದ್ದ. 1770ರಲ್ಲಿ ನ್ಯಾಯಾಲಯ ಅವನು ಆ ಗಂಡನಿಗೆ 10,000 ಪೌಂಡ್ ಪರಿಹಾರ ಕೊಡಬೇಕೆಂದಿತು. ಹಣ ಹೊಂದಿಸಲು ನೆರವಾದವನು ಅಣ್ಣ ಮೂರನೇ ಜಾರ್ಜ್. ಅಲ್ಲಿಗೆ ವ್ಯಭಿಚಾರದ ವಿಷಯ ಮುಗಿಯಿತು. ಮರುವರ್ಷ ಅದೇ ಹೆನ್ರಿ ಆ್ಯನ್ ಹಾರ್ಟನ್ ಎಂಬ ವಿಧವೆಯನ್ನು ಶಾಸ್ತ್ರೋಕ್ತವಾಗಿ ಮದುವೆಯಾದಾಗ ಮಾತ್ರ ಅಣ್ಣನಿಗೆ ತಡೆಯಲಾಗಲಿಲ್ಲ. ಅವನನ್ನು ಆಸ್ಥಾನದಿಂದ ದೂರವಿಟ್ಟು, ಸಂಸತ್ತಿನಲ್ಲಿ ರಾಜಮನೆತನದ ವಿವಾಹ ಕಾಯ್ದೆಯನ್ನು ತಂದ. ಎರಡನೇ ಜಾರ್ಜನ ವಂಶಜರು ದೊರೆಯ ಒಪ್ಪಿಗೆಯಿಲ್ಲದೆ ಮದುವೆಯಾದರೆ ಆ ಮದುವೆಯೇ ಅಸಿಂಧು. ಇಪ್ಪತ್ತೈದು ದಾಟಿದವರು ಪ್ರಿವಿ ಕೌನ್ಸಿಲ್‌ಗೆ ಒಂದು ವರ್ಷ ಮೊದಲು ತಿಳಿಸಿ, ಸಂಸತ್ತಿನ ಎರಡೂ ಮನೆಗಳು ಆಕ್ಷೇಪಿಸದಿದ್ದರೆ ಮದುವೆಯಾಗಬಹುದು. ಈ ಕಾಯ್ದೆಗೆ ದೊರೆಯ ಅಂಕಿತ ಬಿದ್ದದ್ದು 1772ರ ಏಪ್ರಿಲ್ 1ರಂದು, ಅಂದರೆ ತಂಗಿಯ ವಿಚ್ಛೇದನಕ್ಕೆ ಐದು ದಿನ ಮೊದಲು. ಪರರ ಹೆಂಡತಿಯೊಂದಿಗಿನ ಸಂಬಂಧ ತಮ್ಮನಿಗೆ ದಂಡ ಕಟ್ಟಿ ಮುಗಿಸುವ ವ್ಯವಹಾರವಾಗಿತ್ತು, ಒಪ್ಪಿ ಮಾಡಿಕೊಂಡ ಮದುವೆ ರಾಜ್ಯದ ವಿರುದ್ಧದ ಅಪರಾಧವಾಯಿತು. ನೀತಿಯ ಕಾಳಜಿ ಇದ್ದಿದ್ದರೆ ಇದು ತಿರುಗುಮುರುಗಾಗಿರಬೇಕಿತ್ತು.

ಇಲ್ಲಿ ಗಂಭೀರವಾದ ಒಂದು ಆಕ್ಷೇಪವಿದೆ. ರಾಜಪ್ರಭುತ್ವದಲ್ಲಿ ಮುಂದಿನ ದೊರೆ ಯಾರೆಂಬುದು ಹುಟ್ಟಿನಿಂದಲೇ ತೀರ್ಮಾನವಾಗುತ್ತಿತ್ತು. ಹುಟ್ಟಿನ ಬಗ್ಗೆ ಅನುಮಾನ ಬಂದರೆ ಪಟ್ಟಕ್ಕಾಗಿ ಯುದ್ಧ ನಡೆದು ಸಾಯುತ್ತಿದ್ದವರು ರೈತರು, ಸೈನಿಕರು. ರಾಜನ ಮಕ್ಕಳು ಹೊರಗೆ ಹುಟ್ಟಿದರೆ ಅವರಿಗೆ ಪಟ್ಟದ ಹಕ್ಕಿಲ್ಲ. ರಾಣಿಯ ಮಕ್ಕಳಿಗೆ ಇದೆ. ಆದ್ದರಿಂದ ರಾಣಿಯ ಮೇಲೆ ಹೆಚ್ಚಿನ ಕಟ್ಟುಪಾಡು ಸಹಜ ಎಂಬುದು ಆ ವಾದ. ಇಂಗ್ಲೆಂಡಿನ 1351ರ ರಾಜದ್ರೋಹ ಕಾಯ್ದೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ದೊರೆಯ ಪತ್ನಿ, ಅವನ ಮದುವೆಯಾಗದ ಹಿರಿಯ ಮಗಳು, ಪಟ್ಟಕ್ಕೆ ಬರಬೇಕಾದ ಹಿರಿಯ ಮಗನ ಹೆಂಡತಿ, ಈ ಮೂವರ ಶೀಲಭಂಗ ಮಾಡುವುದು ರಾಜದ್ರೋಹ. ಕಿರಿಯ ಸೊಸೆಯಂದಿರ ಹೆಸರಿಲ್ಲ, ಏಕೆಂದರೆ ಅವರ ಮಕ್ಕಳು ಪಟ್ಟಕ್ಕೆ ಬರುವುದು ಅಪರೂಪ. ಹೆಣ್ಣಿನ ಮಾನಕ್ಕಿಂತ ವಂಶದ ಲೆಕ್ಕ ಕಾಯ್ದೆಗೆ ಮುಖ್ಯ. ಅಷ್ಟರಮಟ್ಟಿಗೆ ಆಕ್ಷೇಪ ನಿಜ, ಯುದ್ಧದ ಭಯವೂ ಹುಸಿಯಲ್ಲ.

ಆದರೆ ರಕ್ತದ ಶುದ್ಧಿಯೇ ಗುರಿಯಾಗಿದ್ದರೆ ಡೆನ್ಮಾರ್ಕ್ ಲೂಯಿಸಾ ಔಗುಸ್ಟಾಳನ್ನು ಏನು ಮಾಡಬೇಕಿತ್ತು? ತಾಯಿ ತಪ್ಪಿತಸ್ಥೆಯೆಂದು ತೀರ್ಪು ಬಂದರೂ ಮಗಳನ್ನು ಕ್ರಿಶ್ಚಿಯನ್ ದೊರೆಯ ಮಗಳೆಂದೇ ಒಪ್ಪಿಕೊಂಡು ರಾಜಕುಮಾರಿಯಾಗಿ ಬೆಳೆಸಿದರು. 1786ರಲ್ಲಿ ಅವಳನ್ನು ರಾಜವಂಶದ್ದೇ ಕವಲಾದ ಔಗುಸ್ಟೆನ್‌ಬೋರ್ಗ್ ಮನೆಗೆ ಮದುವೆ ಮಾಡಿಕೊಟ್ಟರು. ಅವಳ ಮಗಳು ಕ್ಯಾರೊಲಿನ್ ಅಮಾಲಿಯಾ 1839ರಲ್ಲಿ ಡೆನ್ಮಾರ್ಕಿನ ರಾಣಿಯಾದಳು. ಅನುಮಾನವನ್ನು ಅರಮನೆ ಹಾಗೇ ಇಟ್ಟುಕೊಂಡಿತು, ಹೊರಹಾಕಿದ್ದು ತಾಯಿಯನ್ನು ಮಾತ್ರ. ಹ್ಯಾನೋವರಿನಲ್ಲಿ ಆರೋಪವನ್ನೇ ಬದಲಿಸಿ ಮಗನ ಹಕ್ಕನ್ನು ಉಳಿಸಿಕೊಂಡದ್ದೂ ಇದೇ ರೀತಿ. ಅನುಕೂಲವಿದ್ದಾಗ ವಂಶದ ಪ್ರಶ್ನೆಯನ್ನು ಬದಿಗಿಡಬಲ್ಲವರು ಶಿಕ್ಷೆಯನ್ನು ಮಾತ್ರ ಯಾಕೆ ಬದಿಗಿಡಲಿಲ್ಲ ಎಂಬ ಪ್ರಶ್ನೆಗೆ ಪಟ್ಟದ ಭದ್ರತೆಯ ವಾದದಲ್ಲಿ ಉತ್ತರವಿಲ್ಲ.

ಸ್ಟ್ರುಎನ್ಸೆಯ ವಿಷಯ ಇನ್ನಷ್ಟು ತೊಡಕಿನದು. ಅವನ ವಿರುದ್ಧದ ಮುಖ್ಯ ದೂರು ಪ್ರೇಮದ್ದಲ್ಲ, ಅಧಿಕಾರದ್ದು ಎಂದು ಹೇಳುವವರಿದ್ದಾರೆ. ಅದರಲ್ಲಿ ಹುರುಳಿದೆ. ಕಾಯಿಲೆಯ ದೊರೆಯ ಹೆಸರಿನಲ್ಲಿ ಅವನು ಸಾವಿರಕ್ಕೂ ಹೆಚ್ಚು ಆಜ್ಞೆಗಳನ್ನು ಹೊರಡಿಸಿದ. ಪತ್ರಿಕೆ, ಪುಸ್ತಕಗಳ ಮೇಲಿನ ಪೂರ್ವತನಿಖೆಯನ್ನು 1770ರಲ್ಲಿ ರದ್ದು ಮಾಡಿದ, ವಿಚಾರಣೆಯಲ್ಲಿ ಚಿತ್ರಹಿಂಸೆಯನ್ನು ನಿಲ್ಲಿಸಿದ. ಒಳ್ಳೆಯ ಕೆಲಸಗಳೇ ಆದರೂ ಯಾರನ್ನೂ ಕೇಳದೆ ಮಾಡಿದ್ದು. 1771ರ ಹೊತ್ತಿಗೆ ಅವನ ಸಹಿಗೆ ದೊರೆಯ ಸಹಿಯಷ್ಟೇ ಬೆಲೆ ಬಂದಿತ್ತು. ರೋಗಿಯ ದೌರ್ಬಲ್ಯವನ್ನು ವೈದ್ಯ ಬಳಸಿಕೊಂಡದ್ದು ತಪ್ಪು, ಅವನನ್ನು ಹುತಾತ್ಮನೆಂದು ಮೆರೆಸುವ ಕಾದಂಬರಿಗಳನ್ನು ನಾನು ಒಪ್ಪುವುದಿಲ್ಲ. ಆದರೆ ಅವನನ್ನು ಕೊಂದ ಮೇಲೆ ಏನಾಯಿತು? ಗುಲ್ಡ್‌ಬರ್ಗ್ ಮತ್ತು ಯೂಲಿಯಾನಾ ಮರೀಯಾ ಅದೇ ಕಾಯಿಲೆಯ ದೊರೆಯ ಸಹಿಯಿಂದ, ಅದೇ ಬಗೆಯ ಆಜ್ಞೆಗಳಿಂದ, 1784ರವರೆಗೆ ಹನ್ನೆರಡು ವರ್ಷ ನಾಡನ್ನು ಆಳಿದರು. ಅವರ ಆಳ್ವಿಕೆಯನ್ನು ಕೊನೆಗಾಣಿಸಿದವನು ಕ್ಯಾರೊಲಿನ್‌ಳ ಮಗ ಫ್ರೆಡರಿಕ್, ಹದಿನಾರನೆಯ ವಯಸ್ಸಿನಲ್ಲಿ. ಅಧಿಕಾರ ಕಸಿದುಕೊಂಡ ಅಪರಾಧಕ್ಕೆ ಗುಲ್ಡ್‌ಬರ್ಗ್‌ನ ತಲೆ ಹೋಗಲಿಲ್ಲ. ಇನ್ನು ರಾಣಿಯ ವಿಚ್ಛೇದನದ ವಿಚಾರಣೆಯಲ್ಲಿ ರಾಜಕಾರಣದ ಮಾತೇ ಇರಲಿಲ್ಲ. ಅವಳು ಯಾರ ಜೊತೆ ಮಲಗಿದಳು ಎಂಬುದೊಂದೇ ಅಲ್ಲಿನ ವಿಷಯ.

ಗಂಡಸರೂ ನೊಂದಿಲ್ಲವೇ ಎಂದು ಕೇಳಬಹುದು. ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್, ಬೊಹೀಮಿಯಾದ ಕೌಂಟ್ ಮನೆತನದ ಸೋಫಿ ಖೊಟೆಕ್‌ಳನ್ನು ಪ್ರೀತಿಸಿದ. ಅವಳ ಮನೆತನ ಹಾಪ್ಸ್‌ಬರ್ಗರಿಗೆ ಸರಿಸಾಟಿಯಲ್ಲ ಎಂಬ ಕಾರಣಕ್ಕೆ 1900ರ ಜೂನ್ 28ರಂದು, ತನ್ನ ಹೆಂಡತಿಗಾಗಲಿ ಮಕ್ಕಳಿಗಾಗಲಿ ಪಟ್ಟದ ಹಕ್ಕಿಲ್ಲವೆಂದು ಅವನು ಪ್ರಮಾಣ ಮಾಡಬೇಕಾಯಿತು. ಅವನಿಗೆ ನೋವಾಗಿರಬೇಕು, ಖಂಡಿತ. ಆದರೂ ಅವನು ಯುವರಾಜನಾಗಿಯೇ ಉಳಿದ. ಆಸ್ಥಾನದ ಸಮಾರಂಭಗಳಲ್ಲಿ ಎಲ್ಲ ರಾಜಕುಮಾರಿಯರ ಹಿಂದೆ ನಡೆಯಬೇಕಾಗಿದ್ದವಳು ಸೋಫಿ. ಅದೇ ಪ್ರಮಾಣಕ್ಕೆ ಹದಿನಾಲ್ಕು ವರ್ಷ ತುಂಬಿದ ದಿನ ಸರಾಯೆವೊದಲ್ಲಿ ಇಬ್ಬರೂ ಗುಂಡಿಗೆ ಬಲಿಯಾದರು; ವಿಯೆನ್ನಾದಲ್ಲಿ ಅವಳ ಶವಪೆಟ್ಟಿಗೆಯನ್ನು ಗಂಡನ ಪೆಟ್ಟಿಗೆಗಿಂತ ಕೆಳಗಿನ ಎತ್ತರದಲ್ಲಿ ಇರಿಸಿದರು. ಇಂಗ್ಲೆಂಡಿನ ಎಂಟನೇ ಎಡ್ವರ್ಡ್ 1936ರಲ್ಲಿ ಪಟ್ಟ ಬಿಟ್ಟು ವಾಲಿಸ್ ಸಿಂಪ್ಸನ್‌ಳನ್ನು ಮದುವೆಯಾದ. ಅವನಿಗೆ ಡ್ಯೂಕ್ ಪದವಿಯೂ ಘನತೆಯ ಸಂಬೋಧನೆಯೂ ಸಿಕ್ಕವು, ಹೆಂಡತಿಗೆ ಆ ಸಂಬೋಧನೆಯನ್ನು ನಿರಾಕರಿಸಿದರು. ಗಂಡಸು ಮಾಡಿದ ಆಯ್ಕೆಯ ಸುಂಕವನ್ನು ಹೆಣ್ಣಿನಿಂದ ವಸೂಲಿ ಮಾಡಿದಂತಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಎಡ್ವರ್ಡನಿಗೆ ಹೊರಹೋಗಲು ಬಾಗಿಲಿತ್ತು. ಪಟ್ಟ ಬೇಡವೆನ್ನುವ ಹಕ್ಕು ಸೋಫಿಯಾ ಡೊರೊಥಿಯಾಗಾಗಲಿ ಕ್ಯಾರೊಲಿನ್‌ಗಾಗಲಿ ಇರಲಿಲ್ಲ.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂಬ ಮಾತೂ ಬರುತ್ತದೆ. ಅಂದಿನ ಜನರೇ ಅಳೆದು ತೋರಿಸಿದ್ದಾರೆ. ಮೂರನೇ ಜಾರ್ಜನ ಮಗ, ಮುಂದೆ ನಾಲ್ಕನೇ ಜಾರ್ಜ್ ಆದವನು, 1785ರಲ್ಲಿ ಮರಿಯಾ ಫಿಟ್ಸ್‌ಹರ್ಬರ್ಟ್ ಎಂಬ ಕ್ಯಾಥೊಲಿಕ್ ವಿಧವೆಯನ್ನು ಗುಟ್ಟಾಗಿ ಮದುವೆಯಾದ. 1772ರ ಕಾಯ್ದೆಯಂತೆ ಆ ಮದುವೆ ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ 1795ರಲ್ಲಿ ಬ್ರನ್ಸ್‌ವಿಕ್‌ನ ಕ್ಯಾರೊಲಿನ್‌ಳನ್ನು ಅವನು ರಾಜಾರೋಷವಾಗಿ ವರಿಸಿದ. ಈ ಹೊಸ ಸೊಸೆ ಸೆಲ್ಲೆಯಲ್ಲಿ ಸತ್ತವಳ ಅಕ್ಕನ ಮಗಳು. ಒಂದು ಮಗು ಹುಟ್ಟಿದ ಮೇಲೆ ಗಂಡ ಹೆಂಡತಿ ಬೇರೆಯಾದರು. 1820ರಲ್ಲಿ ಪಟ್ಟಕ್ಕೆ ಬಂದವನೇ ಅವನು, ಇಟಲಿಯ ಸೇವಕನೊಬ್ಬನೊಂದಿಗೆ ಸಂಬಂಧವಿದೆಯೆಂಬ ಆರೋಪದ ಮೇಲೆ ಅವಳ ರಾಣಿಪದವಿಯನ್ನು ಕಿತ್ತುಹಾಕುವ ಮಸೂದೆಯನ್ನು ಲಾರ್ಡ್ಸ್ ಸಭೆಗೆ ತರಿಸಿದ. ದೊರೆಯ ಸ್ವಂತ ನಡತೆ ನಾಡಿಗೆಲ್ಲ ಗೊತ್ತಿತ್ತು. ಬೀದಿಗಳಲ್ಲಿ ಜನ ರಾಣಿಯ ಪರ ಕೂಗಿದರು, ಸಾವಿರಾರು ಹೆಂಗಸರು ಮನವಿಪತ್ರಗಳಿಗೆ ಸಹಿ ಹಾಕಿದರು. ಮಸೂದೆಯ ಕೊನೆಯ ಮತದಾನದಲ್ಲಿ ಪರವಾಗಿ 108, ವಿರುದ್ಧ 99 ಮತ ಬಿದ್ದವು. ಅಷ್ಟು ಸಣ್ಣ ಅಂತರದಿಂದ ಗೆದ್ದದ್ದನ್ನು ಕಾಮನ್ಸ್ ಸಭೆಗೆ ಒಯ್ಯುವ ಧೈರ್ಯವಾಗದೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಒಂದೇ ಹೊರೆಯನ್ನು ಒಬ್ಬರ ತಲೆಗೆ ಮಾತ್ರ ಹೊರಿಸುವುದು ಅನ್ಯಾಯವೆಂದು ತಿಳಿಯಲು ಅವರಿಗೆ ನಮ್ಮ ಕಾಲ ಬೇಕಾಗಿರಲಿಲ್ಲ.

1772ರ ವಿವಾಹ ಕಾಯ್ದೆ ಮಾತ್ರ ಉಳಿದುಕೊಂಡಿತು. 1955ರಲ್ಲಿ ಎರಡನೇ ಎಲಿಜಬೆತ್ ರಾಣಿಯ ತಂಗಿ ಮಾರ್ಗರೆಟ್, ವಿಚ್ಛೇದಿತನಾದ ವಾಯುಪಡೆ ಅಧಿಕಾರಿ ಪೀಟರ್ ಟೌನ್‌ಸೆಂಡ್‌ನನ್ನು ಮದುವೆಯಾಗುವುದಿಲ್ಲವೆಂದು ಅಕ್ಟೋಬರ್ 31ರಂದು ಹೇಳಿಕೆ ಕೊಟ್ಟಳು. ಪಟ್ಟದ ಸಾಲಿನಲ್ಲಿ ಆಗ ಅವಳು ಮೂರನೆಯವಳು. ಆ ಹೊತ್ತಿನ ಪ್ರಧಾನಿ ಆಂಟನಿ ಈಡನ್ ತಾನೇ ವಿಚ್ಛೇದನ ಪಡೆದು ಮರುಮದುವೆಯಾದವನು. ದೇಶ ಆಳುವುದಕ್ಕೆ ಅಡ್ಡಿಯಾಗದ ಸಂಗತಿ, ರಾಜಕುಮಾರಿಯೊಬ್ಬಳ ಮದುವೆಗೆ ಅಡ್ಡಿಯಾಯಿತು. ಪಟ್ಟದ ಹಕ್ಕು ಬಿಟ್ಟುಕೊಟ್ಟರೆ ಅವಳು ಬಿರುದನ್ನೂ ಭತ್ಯೆಯನ್ನೂ ಉಳಿಸಿಕೊಂಡು ಮದುವೆಯಾಗಬಹುದೆಂಬ ಯೋಜನೆ ಸರ್ಕಾರದ ಬಳಿ ಇತ್ತೆಂದು 2004ರಲ್ಲಿ ಬಿಡುಗಡೆಯಾದ ಕಡತಗಳು ತೋರಿಸಿವೆ. ಹಾಗಾದರೆ ಅವಳ ನಿರ್ಧಾರ ಅವಳದೇ, ಬಲವಂತವಿಲ್ಲ ಎಂದು ಕೆಲವರು ವಾದಿಸುತ್ತಾರೆ. ನಿರ್ಧಾರ ಅವಳದೇ ಇರಬಹುದು. ಷರತ್ತುಗಳನ್ನು ಬರೆದವರು ಬೇರೆಯವರು.

1772ರ ಕಾಯ್ದೆ ರದ್ದಾದದ್ದು 2015ರ ಮಾರ್ಚ್ 26ರಂದು, 2013ರ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದಾಗ. ಗಂಡುಮಕ್ಕಳಿಗಿದ್ದ ಆದ್ಯತೆಯನ್ನೂ ಅದೇ ಕಾಯ್ದೆ ತೆಗೆದುಹಾಕಿತು. 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಲ್ಲಿ ಅಕ್ಕನನ್ನು ತಮ್ಮ ಹಿಂದೆ ಹಾಕುವಂತಿಲ್ಲ. ಆದರೆ ಪಟ್ಟದ ಸಾಲಿನ ಮೊದಲ ಆರು ಮಂದಿ ಮದುವೆಯಾಗಲು ಈಗಲೂ ದೊರೆಯ ಒಪ್ಪಿಗೆ ಬೇಕು. 1351ರ ರಾಜದ್ರೋಹ ಕಾಯ್ದೆಯಲ್ಲಿ ದೊರೆಯ ಪತ್ನಿಯನ್ನು ಕುರಿತ ಆ ವಾಕ್ಯ ಇಂದಿಗೂ ಶಾಸನಗಳ ಪುಸ್ತಕದಲ್ಲಿದೆ. ಆಳುವ ರಾಣಿಯ ಗಂಡನನ್ನು ಕುರಿತು ಅಂಥ ಒಂದು ವಾಕ್ಯವನ್ನು ಯಾರೂ ಎಂದೂ ಬರೆದಿಲ್ಲ. ಬ್ರಿಟನ್ನಿನ ಸಂಸತ್ತು ಮಾಡಬೇಕಾದ್ದು ಎರಡನೆಯದನ್ನು ಸೇರಿಸುವುದಲ್ಲ, ಮೊದಲನೆಯದನ್ನು ಅಳಿಸುವುದು.